ಫ್ಯಾನಿನ ಸದ್ದು ನಿಂತ ಮೇಲೆ

"ಯಾಕಿಷ್ಟು ಏದುಸಿರು ಬಿಡ್ತಿದೀಯ, ಎಲ್ಲಿಂದ ಓಡ್ಬಂದೆ ನೀನು?" ಎಂದು ಲೈಲ್ ಪೆನ್ನರ್ ಗಟ್ಟಿಯಾಗಿಯೇ ಕೇಳಿದ. ಹೊಲಿಗೆ ಕೋಣೆಯಲ್ಲಿ ಅವನನ್ನು ಬಿಟ್ಟರೆ ಯಾರೂ ಇರಲಿಲ್ಲ. ಮೇಜಿನ ಮೇಲಿದ್ದ ಹಳೆಯ ಲ್ಯಾಪ್‌ಟಾಪ್ ತನ್ನ ಪಾಡಿಗೆ ತಾನು ಫ್ಯಾನು ತಿರುಗಿಸುತ್ತಿತ್ತು. ಎಡಪಕ್ಕದ ಸೀಳುಗಳಿಂದ ಬಿಸಿ ಗಾಳಿ ಬಂದು ಅವನ ಮುಂಗೈಗೆ ತಾಗುತ್ತಿತ್ತು, ಗುರುತಿಲ್ಲದವರು ತೀರ ಹತ್ತಿರ ನಿಂತು ಬಾಯಿಯಿಂದ ಉಸಿರು ಬಿಟ್ಟ ಹಾಗೆ. ಅವನು ಕೈ ಹಿಂದೆ ತೆಗೆದುಕೊಂಡು ಪ್ಯಾಂಟಿಗೆ ಒರೆಸಿಕೊಂಡ. ಒರೆಸಿಕೊಳ್ಳುವಂಥದ್ದು ಕೈಯಲ್ಲಿ ಏನೂ ಇರಲಿಲ್ಲ. ಫ್ಯಾನು ನಿಂತಿತು. ಸೂರಿನಿಂದ ಕರಗಿದ ಹಿಮ ತೊಟ್ಟಿಕ್ಕುವುದು ಒಂದು ಗಳಿಗೆ ಕೇಳಿಸಿತು. ಅಷ್ಟರಲ್ಲಿ ಫ್ಯಾನು ಮತ್ತೆ ಹೂಂಕರಿಸಿ ಎದ್ದಿತು, ಏರಿತು, ಇಳಿಯಿತು, ನಿಂತಿತು, ಮತ್ತೆ ಎದ್ದಿತು. ಮೊದಲಾದರೂ ಒಂದೇ ಸಮನೆ ಕೂಗುತ್ತಿತ್ತು. ಕಿವಿ ಅದಕ್ಕೆ ಒಗ್ಗಿಕೊಂಡು ಬಿಡುತ್ತಿತ್ತು. ಈಗ ಇದು ಬೇಸಿಗೆಯ ಮಧ್ಯಾಹ್ನ ನಾಲಿಗೆ ಚಾಚಿ ಮಲಗಿದ ನಾಯಿಯ ಪಕ್ಕೆಯ ಹಾಗೆ ಏರಿ ಇಳಿಯುತ್ತಿದೆ, ಮತ್ತು ಇದನ್ನು ಹೀಗೆ ಮಾಡಿದವನು ತಾನೇ.

ಬೆಳಗ್ಗೆಯಷ್ಟೇ ಅವನು ಫ್ಯಾನಿನ ಲಗಾಮನ್ನು ಯಂತ್ರದ ಕೈಯಿಂದ ಕಿತ್ತು ತನ್ನ ಕೈಗೆ ತೆಗೆದುಕೊಂಡಿದ್ದ. ಅದಕ್ಕೆಂದೇ ಒಂದು ಪುಟ್ಟ ಪ್ರೋಗ್ರಾಮು ಇದೆ. ಅದು ಒಳಗಿನ ಶಾಖವನ್ನು ನೋಡುತ್ತಾ ಕೂತಿರುತ್ತದೆ, ನಾವು ಬರೆದಿಟ್ಟ ಗಡಿ ದಾಟಿದರೆ ಫ್ಯಾನನ್ನು ಎಬ್ಬಿಸುತ್ತದೆ, ಕೆಳಗಿಳಿದರೆ ಮಲಗಿಸುತ್ತದೆ. ಅವನು ಐವತ್ತೈದು ಡಿಗ್ರಿ ಎಂದು ಬರೆದಿದ್ದ. ಏಳುವುದಕ್ಕೂ ಅದೇ, ಮಲಗುವುದಕ್ಕೂ ಅದೇ. ಹಾಗಾಗಿ ಯಂತ್ರ ಆ ಗಡಿಯ ಮೇಲೆಯೇ ಒಂದು ಕಾಲು ಆಚೆ ಒಂದು ಕಾಲು ಈಚೆ ಇಟ್ಟುಕೊಂಡು ಒದ್ದಾಡುತ್ತಿತ್ತು. ಈಗ ಅವನು ಆ ಸಾಲನ್ನು ಅಳಿಸಿ ಬೇರೆ ಬರೆದ: ಎಪ್ಪತ್ತಕ್ಕೆ ಎದ್ದರೆ ಐವತ್ತಕ್ಕೆ ಇಳಿಯುವವರೆಗೆ ಮಲಗಬಾರದು, ಒಮ್ಮೆ ಮಲಗಿದರೆ ಎಪ್ಪತ್ತಾಗುವವರೆಗೆ ಏಳಬಾರದು. ಫ್ಯಾನು ಎದ್ದಿತು, ಬಹಳ ಹೊತ್ತು ತಿರುಗಿತು, ಆಮೇಲೆ ನಿಂತಿತು. ನಿಂತೇ ಇತ್ತು. ಲೈಲ್ ಉಸಿರು ಬಿಗಿ ಹಿಡಿದು ಆಲಿಸಿದ. ಅಡುಗೆಮನೆಯಿಂದ ಅತ್ತೆ ಏನನ್ನೋ ಅಗಿಯುವುದು, ಸಿಪ್ಪೆ ಉಗಿಯುವುದು, ಮತ್ತೆ ಅಗಿಯುವುದು ಸ್ಪಷ್ಟವಾಗಿ ಕೇಳಿಸಿತು. ಸೂರ್ಯಕಾಂತಿ ಬೀಜ.

ಆ ಬೀಜದ ಸಿಪ್ಪೆ ಈ ಮನೆಯಲ್ಲಿ ಇಲ್ಲದ ಜಾಗವಿಲ್ಲ. ಸೋಫಾದ ಸಂದಿಯಲ್ಲಿ, ಚರ್ಚಿಗೆ ಹಾಕಿಕೊಳ್ಳುವ ಕೋಟಿನ ಜೇಬಿನಲ್ಲಿ, ಸ್ನಾನದ ಟಬ್ಬಿನ ತೂಬಿನಲ್ಲಿ. ಕಳೆದ ವಾರ ಫ್ಯಾನಿನ ಸದ್ದು ತಾಳಲಾರದೆ ಲ್ಯಾಪ್‌ಟಾಪನ್ನು ಬೋರಲು ಹಾಕಿ ತಿರುಪುಗಳನ್ನು ಬಿಚ್ಚಿದ್ದ. ಒಳಗೆ ಬೂದು ಬಣ್ಣದ ಒಂದು ಚರ್ಮ ಇತ್ತು. ಕೂದಲು, ಹತ್ತಿಯ ನೂಲು, ಮನುಷ್ಯರ ಮೈಯಿಂದ ಉದುರಿದ ಹೊಟ್ಟು ಎಲ್ಲ ಸೇರಿ ಹೆಣೆದುಕೊಂಡು ಫ್ಯಾನಿನ ಬಾಯಿಗೆ ಅಡ್ಡಲಾಗಿ ಕಂಬಳಿಯಂತೆ ಕೂತಿತ್ತು, ಅದರಲ್ಲಿ ಸಿಕ್ಕಿಕೊಂಡಿದ್ದ ಬೀಜದ ಸಿಪ್ಪೆಯ ಚೂರುಗಳು ಒಣಗಿದ ಉಗುಳಿನಿಂದ ಹೊಳೆಯುತ್ತಿದ್ದವು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದಾಗ ಅದು ಒಂದೇ ತುಂಡಾಗಿ ಎದ್ದು ಬಂದು ಅವನ ಬೆರಳಿಗೆ ಸುತ್ತಿಕೊಂಡಿತು. ಬೆಚ್ಚಗಿತ್ತು. ಬೆಚ್ಚಗಿದ್ದದ್ದನ್ನು ಮಾತ್ರ ಅವನಿಂದ ಈವರೆಗೆ ಕ್ಷಮಿಸಲಾಗಿಲ್ಲ. ಆ ದಿನ ರಾತ್ರಿ ಊಟಕ್ಕೆ ಒಣಹಣ್ಣಿನ ತಣ್ಣನೆಯ ಪಾಯಸ ಇತ್ತು. ಮೇಲೆ ಕೆನೆ ಕಟ್ಟಿತ್ತು. ಅತ್ತೆ ಆ ಕೆನೆಯನ್ನು ಚಮಚದ ಬೆನ್ನಿನಿಂದ ಸರಿಸಿ ನಾಲಿಗೆಯ ಮೇಲಿಟ್ಟುಕೊಂಡಾಗ ಅವನು ತಟ್ಟೆ ಬಿಟ್ಟು ಎದ್ದಿದ್ದ. ಹೆಂಡತಿ ಆರ್ಡಿತ್ ಅವನನ್ನೇ ನೋಡಿದ್ದಳು.

ಇವತ್ತು ಬೆಳಗ್ಗೆ ಶಾಲೆಯ ಅಡುಗೆಮನೆಯ ಕೆಲಸಕ್ಕೆ ಹೊರಟು ಬಾಗಿಲಲ್ಲಿ ಬೂಟು ಏರಿಸಿಕೊಳ್ಳುತ್ತಾ ಅಂದಳು. "ಮತ್ತೆ ಅದರ ಹೊಟ್ಟೆ ಬಗೀತಿದೀಯಾ? ಹೊಸದೊಂದು ತಗೊಂಡ್ರೆ ನಿನ್ ಗಂಟೇನು ಹೋಗುತ್ತೆ?"

"ಹೊಸದಕ್ಕೂ ಫ್ಯಾನ್ ಇರುತ್ತೆ."

"ಹೊಸ ಅತ್ತೆ ತಂದ್ಕೊಂಡ್ರೂ ಅವಳಿಗೂ ಬಾಯಿರುತ್ತೆ, ಮಹರಾಯ." ನಗುತ್ತಲೇ ಅಂದದ್ದು. ಆದರೆ ಬೂಟಿನ ಲೇಸು ಕಟ್ಟುವಾಗ ನಗು ಕಳಚಿ ಬಿದ್ದಿತು. "ಸೋಮವಾರ ಆಪರೇಷನ್. ಇವತ್ತು ಆ ಪದ್ಯದ ರೆಕಾರ್ಡಿಂಗ್ ಮುಗಿಸ್ಬಿಡು, ಲೈಲ್. ಆಮೇಲೆ ಅಮ್ಮನ ಗಂಟಲಲ್ಲಿ ಏನು ಉಳಿಯುತ್ತೋ ದೇವರಿಗೇ ಗೊತ್ತು. ಮತ್ತೆ ಅವಳ ಕಾಲು ನೋಡ್ಕೋ. ಹೀಟರ್ ಹತ್ರ ಕೂರಿಸ್ಬೇಡ. ಸಕ್ಕರೆ ಕಾಯಿಲೆಯೋರ ಕಾಲು, ಸುಟ್ರೂ ಗೊತ್ತಾಗಲ್ಲ ಅವಳಿಗೆ."

"ನಂಗೊತ್ತಿಲ್ವಾ?"

"ಗೊತ್ತಿದೆ. ನೀನು ಅವಳ ಕಡೆ ನೋಡೋದೇ ಇಲ್ಲ, ಅದಕ್ಕೆ ಹೇಳ್ದೆ."

ನೋಡುವುದಿಲ್ಲ, ನಿಜ. ಕೇಳುತ್ತಾನೆ. ಅವನು ಮೊದಲ ಸಲ ಅತ್ತೆಯ ದನಿ ಕೇಳಿದ್ದು ತನ್ನ ತಾಯಿ ಸತ್ತ ಚಳಿಗಾಲದಲ್ಲಿ. ಮಣ್ಣು ಮಾಡುವ ಹಿಂದಿನ ದಿನ ನೆಂಟರಿಷ್ಟರೆಲ್ಲ ಮನೆಯಲ್ಲಿ ತುಂಬಿದ್ದರು. ಚಿಕ್ಕ ಮಕ್ಕಳನ್ನು ಒಳಕೋಣೆಯ ಮಂಚದ ಮೇಲೆ ರಾಶಿ ಹಾಕಿದ್ದ ಕೋಟುಗಳ ನಡುವೆ ಮಲಗಿಸಿದ್ದರು. ಉಣ್ಣೆ, ತಂಬಾಕು, ಕುದುರೆಲಾಯದ ವಾಸನೆ. ಆಚೆ ಕೋಣೆಯ ಗುಜುಗುಜು ಇದ್ದಕ್ಕಿದ್ದಂತೆ ಅಡಗಿತು. ಒಬ್ಬ ಹೆಂಗಸು ಹಳೆಯ ಮನೆಮಾತಿನಲ್ಲಿ ಪದ್ಯ ಹೇಳತೊಡಗಿದಳು. ಆ ಕಾಲಕ್ಕೇ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್ ಆಡುತ್ತಿದ್ದರು. ಮನೆಮಾತೆಂದರೆ ಬೈಗುಳ ಮತ್ತು ಊಟ. ಅದೇ ಮಾತು ಹೀಗೂ ನಡೆಯಬಲ್ಲುದೆಂದು ಅವನಿಗೆ ಗೊತ್ತಿರಲಿಲ್ಲ. ಬಾಗಿಲ ಕೆಳಗಿನ ಬೆಳಕಿನ ಪಟ್ಟಿಯೊಳಗಿಂದ ಆ ಧ್ವನಿ ಹರಿದು ಬಂದು ಕೋಟುಗಳ ಮೇಲೆ ಮಲಗಿದ್ದ ಅವನ ಎದೆಗೆ ತಾಕಿತು. ಮುಖ ಕಾಣಲಿಲ್ಲ. ಬಾಯಿ ಕಾಣಲಿಲ್ಲ. ದೇವರು ಮಾತಾಡಿದರೆ ಹೀಗೇ ಎಂದು ಆ ವಯಸ್ಸಿಗೆ ಅನ್ನಿಸಿದ್ದು ಈ ವಯಸ್ಸಿಗೂ ಹಾಗೇ ಉಳಿದಿದೆ. ಆರ್ಡಿತ್‌ಳನ್ನು ಮೆಚ್ಚಿ ಮದುವೆಯಾದನೋ, ಆ ಧ್ವನಿ ಇರುವ ಮನೆಯೆಂದು ಅಳಿಯನಾಗಿ ಬಂದನೋ, ಅವನು ಬಗೆಹರಿಸಿಕೊಂಡಿಲ್ಲ. ಬಂದ ಮೇಲೆ ಧ್ವನಿಗೊಂದು ಬಾಯಿ ಇರುವುದು ಗೊತ್ತಾಯಿತು. ಬಾಯಿಗೆ ಕಟ್ಟಿಸಿದ ಹಲ್ಲು, ಹಲ್ಲಿಗೆ ರಾತ್ರಿಯ ಗಾಜಿನ ಲೋಟ, ಲೋಟದ ತಳದಲ್ಲಿ ಬೆಳಗಿನ ಹೊತ್ತಿಗೆ ಕೂರುವ ಬಿಳಿ ಕೆಸರು.

ಪದ್ಯ ಅತ್ತೆ ಅಗನೇಟಾಳ ತಂದೆಯದು. ಹಳ್ಳಿಯ ಶಾಲೆಯ ಮೇಷ್ಟ್ರಾಗಿದ್ದ ಅವನು, ಗಂಟಲುಮಾರಿ ಬಂದು ಮನೆಮನೆಯ ಮಕ್ಕಳನ್ನು ಒಯ್ದ ವರ್ಷ ಅದನ್ನು ಕಟ್ಟಿದ. ಒಂದೊಂದು ಮಗುವಿಗೆ ಒಂದೊಂದು ನುಡಿ. ಹೆಸರು ಹಿಡಿದು ಕರೆಯುವುದು, ಹಿಮದಿಂದ ಒಳಗೆ ಬಾ ಎನ್ನುವುದು, ಒಲೆಯ ಪಕ್ಕ ಕೂರಿಸುವುದು. ಕೊನೆಯ ಹೆಸರು ಅವನ ಸ್ವಂತ ಮಗಳು ಟೀನಾಳದು, ಅಗನೇಟಾಳ ತಂಗಿ. ಸಾವಿನ ಮನೆಗಳಲ್ಲಿ ಅದನ್ನು ಹೇಳಿಸುತ್ತಿದ್ದರು. ಹೇಳುವವಳು ಮಡಿಲಲ್ಲಿ ಪುಸ್ತಕವಿಟ್ಟುಕೊಂಡು ಕೂತರೆ ಕೊನೆಯ ಆಮೆನ್‌ವರೆಗೆ ಏಳುವಂತಿಲ್ಲ, ನಿಲ್ಲಿಸುವಂತಿಲ್ಲ. ನಡುವೆ ಬಿಟ್ಟರೆ ಉಳಿದ ಮಕ್ಕಳು ಹಿಮದಲ್ಲೇ ನಿಂತಿರುತ್ತಾರೆ ಎಂದು ಮಾತು. ಆರ್ಡಿತ್ ಅದನ್ನೆಲ್ಲ ಕೇಳಿ ದೊಡ್ಡ ಅಕ್ಷರಗಳಲ್ಲಿ ಲ್ಯಾಪ್‌ಟಾಪಿಗೆ ಹೊಡೆದಿಟ್ಟಿದ್ದಾಳೆ. ಅಕ್ಷರ ಉಳಿಯುತ್ತದೆ. ಅದನ್ನು ಹೇಗೆ ಏರಿಸಬೇಕು, ಎಲ್ಲಿ ತಡೆಯಬೇಕು, ಹೆಸರಿಗೆ ಬಂದಾಗ ದನಿ ಹೇಗೆ ತಗ್ಗುತ್ತದೆ ಎಂಬುದು ಒಂದೇ ಗಂಟಲಲ್ಲಿ ಇದೆ, ಆ ಗಂಟಲಲ್ಲಿ ಈಗ ಒಂದು ಗಡ್ಡೆ ಇದೆ.

ಕೊಯ್ಲಿನ ಪದ್ಯ, ಮದುವೆಯ ಪದ್ಯ ಆಗಲೇ ರೆಕಾರ್ಡ್ ಆಗಿದ್ದವು. ಅವುಗಳನ್ನು ಅವನು ತೊಳೆಯುತ್ತಿದ್ದ. ತೊಳೆಯುವುದು ಎಂದೇ ಅನ್ನುತ್ತಿದ್ದ. ನುಡಿನುಡಿಯ ನಡುವೆ ಅವಳು ಎಳೆದುಕೊಳ್ಳುವ ಉಸಿರು, ತುಟಿ ಬಿಚ್ಚುವಾಗಿನ ಚಪ್ ಎಂಬ ಸದ್ದು, ಹಲ್ಲಿನ ಕಟಕಟ, ನುಂಗುವುದು, ಎಲ್ಲವನ್ನೂ ಹುಡುಕಿ ತೆಗೆಯುವ ಪ್ರೋಗ್ರಾಮು ಅವನ ಹತ್ತಿರ ಇತ್ತು. ಲ್ಯಾಪ್‌ಟಾಪಿಗೆ ಅದು ಬೆವರು ಕೀಳುವ ಕೆಲಸ. ತೊಳೆದದ್ದನ್ನು ಒಮ್ಮೆ ಅವಳಿಗೇ ಕೇಳಿಸಿದ್ದ, ಮೆಚ್ಚಿಯಾಳೆಂದು. ಅವಳು ತಲೆ ಓರೆ ಮಾಡಿಕೊಂಡು ಕೇಳಿ, "ಯಾರಿವಳು? ಉಸಿರೇ ತಗೊಳ್ದೆ ಓದ್ತಾಳಲ್ಲ, ಸತ್ತೋಳ ಹಾಗೆ" ಅಂದಿದ್ದಳು. ಆಮೇಲೆ ಅವನ ಮುಖ ನೋಡಿ, "ಚೆನ್ನಾಗಿದೆ ಬಿಡು, ಚೊಕ್ಕಟವಾಗಿದೆ" ಎಂದು ಸೇರಿಸಿದ್ದಳು.

ಈಗ ಫ್ಯಾನು ಸುಮ್ಮನಿತ್ತು. ಎಲ್ಲ ಹೊಸದಾಗಿ ಶುರುವಾಗಲಿ ಎಂದು ಲ್ಯಾಪ್‌ಟಾಪನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಿದ. ಪದ್ಯದ ಪುಟ ತೆರೆದ. ಹಿಂದೆ ಉಳಿದಿದ್ದ ಮದುವೆಯ ಪದ್ಯವನ್ನು ತೊಳೆಯಲು ಹಚ್ಚಿಟ್ಟ, ಹೊತ್ತು ಸುಮ್ಮನೆ ಯಾಕೆ ಹಾಳಾಗಬೇಕು. ಫ್ಯಾನು ಏಳಲಿಲ್ಲ. ಕಿವಿಯನ್ನು ಸೀಳಿನ ಹತ್ತಿರ ತಂದ. ಇಲ್ಲ. ಇಷ್ಟು ಚೆನ್ನಾಗಿ ಕೆಲಸ ಮಾಡುತ್ತದೆಂದು ಅವನು ಎಣಿಸಿರಲಿಲ್ಲ. ಒಂದು ಬಗೆಯ ಕೃತಜ್ಞತೆ ಎದೆಯಲ್ಲಿ ಎದ್ದು, ಯಾರಿಗೆ ಸಲ್ಲಿಸಬೇಕೆಂದು ತಿಳಿಯದೆ, ಪ್ರಾರ್ಥನೆಯ ಹಾಗೆ ಒಂದು ಕ್ಷಣ ಕಣ್ಣು ಮುಚ್ಚಿದ.

"ಬರ್ಲಾ?" ಅಗನೇಟಾ ಲೆಪ್ಕಿ ಬಾಗಿಲಲ್ಲಿ ನಿಂತಿದ್ದಳು, ನಡೆಗೋಲನ್ನು ಎರಡೂ ಕೈಯಲ್ಲಿ ಹಿಡಿದು, ಹತ್ತಿಯ ಮನೆಯುಡುಪಿನ ಮೇಲೆ ಸ್ವೆಟರು ಹಾಕಿಕೊಂಡು. ಕೆಳತುಟಿಯ ಮೂಲೆಯಲ್ಲಿ ಬೀಜದ ಸಿಪ್ಪೆಯೊಂದು ಅಂಟಿತ್ತು.

"ಬನ್ನಿ ಅತ್ತೆ. ಬಾಯಿ ಮುಕ್ಕಳಿಸಿದ್ರಾ?"

"ಮುಕ್ಕಳಿಸ್ದೆ ಕಣಪ್ಪ. ಹಲ್ಲೂ ತೊಳೆದೆ. ಬೇಕಿದ್ರೆ ಮದುಮಗಳ ಹಾಗೆ ಪೌಡರ್ ಹಾಕ್ಕೊಂಡು ಬರ್ತೀನಿ." ಅವಳು ನಕ್ಕಳು, ನಗು ಗಂಟಲಲ್ಲಿ ಎಲ್ಲೋ ಸಿಕ್ಕಿ ಕೆಮ್ಮಾಯಿತು. "ಎಲ್ಲಪ್ಪಾ ನಿನ್ನ ಹಂದಿ? ಗೊರಕೆನೇ ಕೇಳಿಸ್ತಿಲ್ಲ."

"ಮಲಗಿಸಿದೀನಿ."

"ಪರವಾಗಿಲ್ವೇ. ನನ್ ಗಂಡನ್ನ ನಲವತ್ತು ವರ್ಷ ಮಲಗಿಸೋಕಾಗ್ಲಿಲ್ಲ ನಂಗೆ."

ಅವಳನ್ನು ಕುರ್ಚಿಯಲ್ಲಿ ಕೂರಿಸಿ ಹೀಟರಿನಿಂದ ದೂರ ಎಳೆದ. ಆರ್ಡಿತ್ ಹೇಳಿದ್ದು ನೆನಪಿತ್ತು. ನೆನಪಿದ್ದದ್ದಕ್ಕೆ ತನ್ನ ಬಗ್ಗೆ ಸಣ್ಣ ಮೆಚ್ಚುಗೆಯೂ ಆಯಿತು. ಲ್ಯಾಪ್‌ಟಾಪ್ ಮೇಜಿನ ಮೇಲಿದ್ದರೆ ಅವಳಿಗೆ ಅಕ್ಷರ ಕಾಣುವುದಿಲ್ಲ, ಪುಸ್ತಕ ಇರಬೇಕಾದ್ದು ಮಡಿಲಲ್ಲಿ ಎಂದು ಅವಳ ಹಟ ಬೇರೆ. ಅವಳ ತೊಡೆಯ ಮೇಲೆ ಹೊದೆಸಿದ್ದ ಕೌದಿಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಬಾಯಿಯ ಎದುರಿಗೆ ಮೈಕು ಸರಿಸಿ, ಹೆಡ್‌ಫೋನು ತನ್ನ ಕಿವಿಗೆ ಏರಿಸಿದ. ಕೌದಿ ಒಣ ಎಲೆಯಂತೆ ಸರಬರ ಎಂದಿತು.

"ಇದನ್ನ ತೆಗೀತೀನಿ ಅತ್ತೆ. ಸದ್ದು ಮಾಡುತ್ತೆ."

"ತೆಗಿ."

ಕೌದಿ ತೆಗೆದು, ಲ್ಯಾಪ್‌ಟಾಪನ್ನು ತೆಳುವಾದ ಹತ್ತಿ ಬಟ್ಟೆಯ ಮೇಲೆ, ಅಂದರೆ ತೊಡೆಯ ಮೇಲೆಯೇ ಇಟ್ಟ. ಇಡುವಾಗ ಬಟ್ಟೆಯ ಕೆಳಗಿನ ಮಾಂಸ ಹಿಟ್ಟಿನ ಮುದ್ದೆಯ ಹಾಗೆ ಅಗಲವಾದದ್ದು ಕೈಗೆ ತಿಳಿಯಿತು. ಮುಖ ತಿರುಗಿಸಿಕೊಂಡ. "ಅಲುಗಾಡ್ಬೇಡಿ. ಕಳೆದ ಸಲ ನೀವು ಕಾಲು ಆಡಿಸಿ ಆಡಿಸಿ ಇಡೀ ನುಡಿ ಕೆಟ್ಟೋಯ್ತು. ಏನೇ ಆದ್ರೂ ಅಲುಗಾಡ್ಬೇಡಿ, ಆಯ್ತಾ?"

"ಆಯ್ತು ಮೇಷ್ಟ್ರೇ."

ಶುರು ಮಾಡಿದಳು. ಮೊದಲ ಹೆಸರು, ಮೊದಲ ಮಗು, ಹಿಮದ ಬೇಲಿ. ಆ ಧ್ವನಿ ಸಣ್ಣದಾಗಿತ್ತು, ಅಂಚು ಹರಿದಿತ್ತು, ಆದರೆ ಅದೇ. ಬಾಗಿಲ ಕೆಳಗಿನ ಬೆಳಕಿನದೇ. ಅವನಿಗೆ ಕತ್ತಿನ ಹಿಂದೆ ರೋಮ ಎದ್ದಿತು. ಆಮೇಲೆ ಇನ್ನೊಂದು ಕೇಳತೊಡಗಿತು. ಇಷ್ಟು ದಿನ ಫ್ಯಾನು ಒಂದು ಬೂದು ಪರದೆ ಎಳೆದು ಮುಚ್ಚಿಟ್ಟಿದ್ದೆಲ್ಲ ಈಗ ಬೆತ್ತಲೆಯಾಗಿ ಕಿವಿಯೊಳಕ್ಕೇ ಬಂದು ಕೂತಿತು. ನಾಲಿಗೆ ಅಂಗುಳಿನಿಂದ ಬಿಡಿಸಿಕೊಳ್ಳುವುದು. ಉಗುಳು ಹಲ್ಲಿನ ಹಿಂದೆ ಕೂಡುವುದು, ಸೋರುವುದು, ಅದನ್ನು ಅವಳು ಒಳಗೆಳೆದುಕೊಳ್ಳುವುದು. ಗಡ್ಡೆಯನ್ನು ಸುತ್ತಿಕೊಂಡು ಉಸಿರು ಒದ್ದೆ ಒದ್ದೆಯಾಗಿ ಹಾಯುವುದು. ಅವಳ ಬಾಯೊಳಗೆ ತನ್ನ ತಲೆ ಇದೆ ಅನ್ನಿಸಿತು, ಆ ಬೆಚ್ಚನೆಯ ಕತ್ತಲಲ್ಲಿ, ಆ ಬಿಳಿ ಕೆಸರಿನಲ್ಲಿ. ಹಾಗೆಂದು ಹೆಡ್‌ಫೋನು ತೆಗೆಯುವಂತಿಲ್ಲ. ತನ್ನದೂ ಕೇಳಿಸಿತು: ತಾನು ನುಂಗಿದ್ದು, ತನ್ನ ಹೊಟ್ಟೆ ಗುರುಗುಟ್ಟಿದ್ದು. ಎರಡು ಮೈಗಳು ಒಂದು ಚಿಕ್ಕ ಕೋಣೆಯಲ್ಲಿ ಬೇಯುತ್ತಾ ಕೂತು ಸದ್ದು ಮಾಡುತ್ತಿವೆ; ಇದನ್ನು ಪದ್ಯ ಅನ್ನಬೇಕು. ಒಂದು ನುಡಿ ಮುಗಿದು ಇನ್ನೊಂದು ತೊಡಗುವ ಮೊದಲಿನ ಬಿಡುವಿನಲ್ಲಿ ಅವಳು ಉಗುಳು ನುಂಗಿದಳು, ದೀರ್ಘವಾಗಿ, ಮತ್ತು ಅವನ ಬಾಯಿಂದ ತಾನೇ ತಾನಾಗಿ ಒಂದು ಮಾತು ಜಾರಿತು. ತೀರ ಮೆಲ್ಲಗೆ. ಪ್ರತಿಸಲವೂ ಜಾರುತ್ತಿತ್ತು ಅದು. ಅವಳ ಕಿವಿ ಮಂದ; ಫ್ಯಾನಿನ ಕೆಳಗೆ ಅದು ಎಂದೂ ಯಾರಿಗೂ ಸಿಕ್ಕಿರಲಿಲ್ಲ.

ಪದ್ಯ ಉದ್ದ. ಮಕ್ಕಳು ಒಬ್ಬೊಬ್ಬರಾಗಿ ಒಳಗೆ ಬರುತ್ತಿದ್ದರು. ಬರುಬರುತ್ತಾ ಒಂದು ವಾಸನೆ ಎದ್ದಿತು, ಇಸ್ತ್ರಿ ಪೆಟ್ಟಿಗೆಯ ಕೆಳಗೆ ಬಟ್ಟೆ ತುಸು ಹೆಚ್ಚು ಹೊತ್ತು ಉಳಿದಾಗ ಬರುವಂಥದ್ದು. ಅವನು ಮೂಗು ಕಿವುಚಿ, ಮುದುಕಿಯ ವಾಸನೆ, ಹೀಟರಿನ ಧೂಳು, ಎಂದುಕೊಂಡ. ಅಗನೇಟಾಳ ಹಣೆಯ ಮೇಲೆ ಸಣ್ಣ ಬೆವರು ಒಡೆದಿತ್ತು. ಅವಳು ಪರದೆಯ ಮೇಲಿಂದ ಕಣ್ಣೆತ್ತಿ ಅವನನ್ನೊಮ್ಮೆ ನೋಡಿದಳು. ಏನೋ ಕೇಳುವ ನೋಟ. ಅವನು ಬೆರಳನ್ನು ತುಟಿಗಿಟ್ಟು, ಮುಂದೆ ಹೋಗಿ ಎಂದು ಕೈಯಾಡಿಸಿದ. ಅವಳು ಮುಂದೆ ಹೋದಳು.

ಇನ್ನು ಎರಡೇ ಹೆಸರು ಉಳಿದಿದ್ದವು. ಹೆಡ್‌ಫೋನಿನಲ್ಲಿ ಚಟ್ ಎಂದಿತು; ಎಲ್ಲ ಸತ್ತುಹೋಯಿತು. ಅವಳ ಮುಖದ ಮೇಲಿನ ನೀಲಿ ಬೆಳಕು ಆರಿತು. ಲ್ಯಾಪ್‌ಟಾಪ್ ತಾನಾಗಿಯೇ ಆರಿಹೋಗಿತ್ತು. ಲೈಲ್ ಅರ್ಧ ಎದ್ದ. ಅವಳು ನಿಲ್ಲಿಸಲಿಲ್ಲ. ಕಪ್ಪು ಪರದೆಯ ಮುಂದೆ ಕಣ್ಣು ಮುಚ್ಚಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಬಾಯಿಪಾಠದಿಂದ ಮುಂದುವರಿದಳು. ಅವನು ಹೆಡ್‌ಫೋನು ಕೆಳಗಿಳಿಸಿದ. ನಡುವೆ ನಿಲ್ಲಿಸಬಾರದು, ಅವನೂ ಆ ಕೋಟುಗಳ ಮೇಲೆ ಬೆಳೆದವನೇ. ಎದ್ದು ನಿಂತವನು ನಿಂತ ಹಾಗೇ ಕೇಳಿದ, ನಡುವೆ ತಂತಿಯಿಲ್ಲದೆ, ಮೈಕಿಲ್ಲದೆ. ಉಗುಳು ಇತ್ತು, ಹಲ್ಲಿನ ಕಟಕಟ ಇತ್ತು, ಕೆಳತುಟಿಯಲ್ಲಿ ಸಿಪ್ಪೆ ಇನ್ನೂ ಇತ್ತು, ಮತ್ತು ಅವೆಲ್ಲವೂ ಪದ್ಯದೊಳಗೇ ಇದ್ದವು. ಟೀನಾ ಎನ್ನುವಾಗ ಅವಳು ತೆಗೆದುಕೊಂಡ ಉಸಿರು ಹಿಮದಿಂದ ಬಂದ ಮಗು ಹೊಸ್ತಿಲಲ್ಲಿ ತೆಗೆದುಕೊಳ್ಳುವ ಉಸಿರೇ ಆಗಿತ್ತು. ಅವನು ತೊಳೆದು ತೆಗೆಯುತ್ತಿದ್ದದ್ದು ಅದನ್ನೇ. ಆಮೆನ್ ಎಂದಳು. ಕಣ್ಣು ಬಿಟ್ಟಳು.

"ಈಗ ಎತ್ಕೊಳ್ಳಪ್ಪ ಇದನ್ನ," ಅಂದಳು. "ಬಿಸಿ ಆಗಿದೆ."

ಎತ್ತಲು ಹೋದವನು ಕೈ ಬಿಟ್ಟುಬಿಡುವಂತಾಯಿತು. ಶರ್ಟಿನ ತುದಿಯಿಂದ ಹಿಡಿದು ಎತ್ತಿದ. ಅವಳ ಉಡುಪಿನ ಮೇಲೆ ಕಂದು ಬಣ್ಣದ ಒಂದು ಆಯತ ಮೂಡಿತ್ತು. ಬಟ್ಟೆಯನ್ನು ಸರಿಸಬೇಕಾಯಿತು, ಅವನೇ ಸರಿಸಬೇಕಾಯಿತು, ಬೇರೆ ಯಾರಿದ್ದರು. ಬಲತೊಡೆಯ ಮೇಲೆ ಬಿಳಿಯ ಮಾಂಸದ ನಡುವೆ ಅಂಗೈಯಗಲ ಕೆಂಪಾಗಿ, ಅದರ ಒಂದು ಮೂಲೆಯಲ್ಲಿ ಚರ್ಮ ಎದ್ದು ನೀರು ತುಂಬಿಕೊಂಡು, ಹಾಲಿನ ಮೇಲಿನ ಕೆನೆಯ ಹಾಗೆ ಸುಕ್ಕುಗಟ್ಟುತ್ತಿತ್ತು. ಬಚ್ಚಲಿನಿಂದ ತಣ್ಣೀರಿನ ಬಟ್ಟೆ ತಂದು ಹಾಕಿದ, ಹಿಂಡಿದ, ಮತ್ತೆ ತಂದ. ಮಂಡಿಯೂರಿ ಕೂತು ಅವಳ ತೊಡೆಯ ಮೇಲೆ ಒದ್ದೆ ಬಟ್ಟೆ ಹಿಡಿದುಕೊಂಡಿದ್ದಾಗ ತನ್ನ ಕೈಗಳು ತನಗೇ ಹೇಸಿಗೆಯಾಗಿ ಕಂಡವು, ಎಷ್ಟು ಚೊಕ್ಕಟವಾಗಿದ್ದವು ಅವು, ಉಗುರು ಎಷ್ಟು ನೀಟಾಗಿ ಕತ್ತರಿಸಿಕೊಂಡಿದ್ದ.

"ನಿಮಗೆ ಗೊತ್ತಾಗ್ಲಿಲ್ವಾ ಅತ್ತೆ?"

"ಏನೋ ಬಿಸಿ ಅನ್ನಿಸ್ತು. ಬಿಸಿ ಅಂದ್ರೆ, ದೂರದಲ್ಲಿ. ನಮ್ದಲ್ಲದ ಕಾಲಿಗೆ ಆದಂಗೆ. ವಾಸನೆ ಬಂತು, ಅದಕ್ಕೆ ನಿನ್ ಮುಖ ನೋಡ್ದೆ."

"ಹೇಳ್ಬಾರ್ದಾಗಿತ್ತಾ?"

"ಪದ್ಯ ಬಿಡೋ ಹಂಗಿಲ್ವಲ್ಲ. ನೀನೂ ಅಲುಗಾಡ್ಬೇಡಿ ಅಂದಿದ್ದೆ."

ಆರ್ಡಿತ್‌ಗೆ ಫೋನು ಮಾಡಿದ. "ನರ್ಸ್‌ನ ಕರ್ಕೊಂಡು ಬರ್ತೀನಿ, ಗುಳ್ಳೆ ಒಡೀಬೇಡ, ಮುಟ್ಟಬೇಡ" ಅಂದಳು. ಆಮೇಲೆ, "ಹೀಟರಿಂದ ದೂರ ಕೂರಿಸಿದ್ಯಾ?" ಎಂದು ಕೇಳಿದಳು. "ಕೂರಿಸಿದ್ದೆ" ಅಂದ. ಅವಳು ಫೋನು ಇಟ್ಟಳು.

ಲ್ಯಾಪ್‌ಟಾಪನ್ನು ಕಿಟಕಿಯ ಹೊರಗೆ ಹಿಮದ ಅಂಚಿನಲ್ಲಿ ತಣ್ಣಗಾಗಲು ಇಟ್ಟಿದ್ದ. ತಂದು ಹಚ್ಚಿ, ನೇರ ಆ ಪ್ರೋಗ್ರಾಮಿನೊಳಗೆ ಹೋಗಿ ನೋಡಿದ. ಮುಟ್ಟಲಾಗದಷ್ಟು ಬಿಸಿಯಾಗಿದ್ದ ಯಂತ್ರ, ಅಷ್ಟು ಹೊತ್ತೂ ಮೂವತ್ತೆಂಟು ಡಿಗ್ರಿ ಎಂದು ತೋರಿಸಿತ್ತು. ಒಂದು ಲ್ಯಾಪ್‌ಟಾಪಿನೊಳಗೆ ಶಾಖ ನೋಡುವ ಕಣ್ಣುಗಳು ಹಲವು. ಪ್ರತಿ ಸಲ ಹಚ್ಚಿದಾಗ ಯಾವುದು ಮೊದಲು ಎಚ್ಚರವಾಗುತ್ತದೋ ಅದಕ್ಕೆ ಮೊದಲ ಸಂಖ್ಯೆ. ಅವನು ಕಣ್ಣಿನ ಹೆಸರು ಬರೆದಿರಲಿಲ್ಲ, ಸಂಖ್ಯೆ ಬರೆದಿದ್ದ. ಬೆಳಗ್ಗೆ ಆ ಸಂಖ್ಯೆ ಯಂತ್ರದ ಮಿದುಳಿನ, ಅಂದರೆ ಪ್ರೊಸೆಸರಿನ, ಕಣ್ಣಿನದಾಗಿತ್ತು. ಆರಿಸಿ ಹಚ್ಚಿದ ಮೇಲೆ ಮೂಲೆಯಲ್ಲಿ ತಣ್ಣಗೆ ಕೂತಿದ್ದ ಡಿಸ್ಕಿನದಾಯಿತು. ಮಿದುಳು ಉಸಿರು ತೊಳೆಯುತ್ತಾ ಬೇಯುತ್ತಿತ್ತು. ಕಾವಲಿನವನು ಬೇರೆ ಕಡೆ ನೋಡುತ್ತಾ ಎಲ್ಲ ಸರಿಯಿದೆ ಎನ್ನುತ್ತಿದ್ದ. ನಿನ್ನ ಹಾಗೇ, ಎಂದು ಆರ್ಡಿತ್ ಅನ್ನುವುದು ಕೇಳಿಸಿದಂತಾಯಿತು.

"ಪದ್ಯ ಬಂತಾ ಅದರಲ್ಲಿ?" ಅಗನೇಟಾ ಕೇಳಿದಳು. ಒದ್ದೆ ಬಟ್ಟೆಯ ಮೇಲೆ ಕೈಯಿಟ್ಟುಕೊಂಡು ಕುರ್ಚಿಯಲ್ಲೇ ಕೂತಿದ್ದಳು.

"ಆರಿಹೋಗೋವರೆಗಿನದು ಉಳಿದಿರುತ್ತೆ."

"ಹಾಕು. ಕೇಳೋಣ."

"ಆಮೇಲೆ ಅತ್ತೆ. ನೀವು ಸ್ವಲ್ಪ..."

"ಹಾಕು ಅಂದೆ. ಜೋರಾಗಿ ಹಾಕು, ನನ್ ಕಿವಿ ಗೊತ್ತಲ್ಲ."

ಜೋರಾಗಿ ಹಾಕಿದ. ಫ್ಯಾನಿನ ಲವಲೇಶವೂ ಇಲ್ಲದ ನಿಚ್ಚಳ ಮೌನದಲ್ಲಿ ಅವಳ ಧ್ವನಿ ಎದ್ದು ಕೋಣೆಯಲ್ಲಿ ನಿಂತಿತು. ಮಕ್ಕಳು ಬಂದರು. ಅವಳ ತುಟಿ ಜೊತೆಜೊತೆಗೇ ಆಡುತ್ತಿತ್ತು. ಒಂದು ನುಡಿ ಮುಗಿಯಿತು, ಉಗುಳು ನುಂಗಿದ ಸದ್ದು, ಆಮೇಲೆ ಆ ಬಿಡುವಿನಲ್ಲಿ, ಪಕ್ಕದಲ್ಲೇ ನಿಂತು ಅಂದಷ್ಟು ಸ್ಪಷ್ಟವಾಗಿ, ಒಬ್ಬ ಗಂಡಸು ಮನೆಮಾತಿನಲ್ಲಿಯೇ ಅಂದ: "ಥೂ, ಅಸಹ್ಯ ಮುದುಕಿ."

ಮುಂದಿನ ಮಗು ಒಳಗೆ ಬಂತು. ಲೈಲ್‌ನ ಬೆರಳು ನಿಲ್ಲಿಸುವ ಗುಂಡಿಯ ಮೇಲಿತ್ತು, ಒತ್ತಲಾಗಲಿಲ್ಲ. ಪದ್ಯ ನಡೆಯುತ್ತಿತ್ತು. ಅಗನೇಟಾಳ ತುಟಿ ಆಡುವುದು ನಿಂತಿತ್ತು. ಅವಳು ಕಿಟಕಿಯ ಕಡೆ ನೋಡುತ್ತಾ ಕೊನೆಯವರೆಗೂ, ಅಂದರೆ ಆ ಚಟ್ ಎಂಬ ಸದ್ದಿನವರೆಗೂ ಕೇಳಿದಳು. ಆಮೇಲೆ ಕೈಯೆತ್ತಿ ಕೆಳತುಟಿಯನ್ನು ತಡವಿ ಆ ಸಿಪ್ಪೆಯನ್ನು ತೆಗೆದು, ಎಲ್ಲಿ ಹಾಕುವುದೆಂದು ಸುತ್ತ ನೋಡಿ, ಸ್ವೆಟರಿನ ಜೇಬಿಗೆ ಹಾಕಿಕೊಂಡಳು. ಆ ಜೇಬಿಗೆ ಹಾಕಿಕೊಂಡದ್ದನ್ನು ನೋಡಲು ಅವನಿಂದಾಗಲಿಲ್ಲ.

"ಅತ್ತೆ." ಅವನ ನಾಲಿಗೆ ಅಂಗುಳಿನಿಂದ ಬಿಡಿಸಿಕೊಂಡ ಸದ್ದು ಅವನಿಗೇ ಕೇಳಿಸಿತು. "ಎರಡು ನುಡಿ ಬಾಕಿ ಇದೆ. ಲ್ಯಾಪ್‌ಟಾಪ್ ಮೇಜಿನ ಮೇಲಿಡ್ತೀನಿ. ಫ್ಯಾನ್ ಹಾಕೇ ಬಿಡ್ತೀನಿ, ಎಷ್ಟು ಬೇಕಾದ್ರೂ ಬಡ್ಕೊಳ್ಳಲಿ. ನಿಮ್ಮ ಉಸಿರು ಒಂದನ್ನೂ ತೆಗೆಯಲ್ಲ. ಎರಡೇ ನುಡಿ. ಆರ್ಡಿತ್ ಬರೋದ್ರೊಳಗೆ ಆಗುತ್ತೆ."

ಅವಳು ತೊಡೆಯ ಮೇಲಿನ ಒದ್ದೆ ಬಟ್ಟೆಯನ್ನು ತಿರುವಿ ಹಾಕಿಕೊಂಡಳು.

"ಟೀನಾ ಹೊರಗೇ ನಿಂತಿದಾಳೆ ಅತ್ತೆ," ಅಂದ. ಅಂದ ಕ್ಷಣವೇ ನಾಲಿಗೆ ಕಚ್ಚಿಕೊಂಡ.

ಅಗನೇಟಾ ಈಗ ಅವನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. "ಟೀನಾ ಒಳಗೆ ಬಂದ್ಲು," ಅಂದಳು. "ನಾನು ಕರ್ದೆ, ಬಂದ್ಲು. ನೀನೇ ನಿಂತ್ಕೊಂಡು ಕೇಳಿದೀಯ."

"ನಾನು ಕೇಳಿದೀನಿ. ಈ ಲ್ಯಾಪ್‌ಟಾಪ್ ಕೇಳಿಲ್ವಲ್ಲ. ಸೋಮವಾರ ಆದ್ಮೇಲೆ ಯಾರು ಹೇಳ್ತಾರೆ? ಒಂದೇ ಒಂದು ಸಲ ಓದಿ ಅತ್ತೆ. ಕೈ ಮುಗೀತೀನಿ."

"ಇಲ್ಲ," ಅಂದಳು ಅಗನೇಟಾ. "ಓದಲ್ಲ."